ವಾದ ಮಾಡುತ್ತಿದ್ದ ಗೆಳೆಯ ಹೋದ ಮೇಲೆ

ಓದುಗರ ಪ್ರಶ್ನೆ:

"ನನಗೆ 64 ವರ್ಷ. ಚಿಕ್ಕಬಳ್ಳಾಪುರ ಜಿಲ್ಲೆಯವನು, ನಿವೃತ್ತ ಹೈಸ್ಕೂಲ್ ಮೇಷ್ಟ್ರು. 2013ರಲ್ಲಿ ಒಂದು ವಾಟ್ಸಾಪ್ ಗುಂಪಿಗೆ ಸೇರಿದೆ. ಬೇರೆ ಬೇರೆ ಜಿಲ್ಲೆಯ ನಲವತ್ತು ಜನ ಇದ್ದೇವೆ. ರಾಜಕೀಯ, ಕ್ರಿಕೆಟ್, ಹಳೆಗನ್ನಡ, ಕೃಷಿ, ಯಾವುದನ್ನೂ ಬಿಡದೆ ಚರ್ಚೆ ಮಾಡುತ್ತೇವೆ. ಅಲ್ಲಿ ಬಂಟ್ವಾಳದ ಹಿರಿಯರೊಬ್ಬರಿದ್ದರು. ಹನ್ನೊಂದು ವರ್ಷ ದಿನಾ ನಮ್ಮಿಬ್ಬರ ವಾದ. ಉಳಿದವರು ಕೂತು ನೋಡೋರು. ಒಂದು ಸಲವೂ ಮುಖ ನೋಡಿರಲಿಲ್ಲ.

ನಮ್ಮ ಕೊನೆಯ ಜಗಳ ಎತ್ತಿನಹೊಳೆ ಯೋಜನೆ ಮೇಲೆ, ನೇತ್ರಾವತಿಗೆ ಸೇರುವ ಘಟ್ಟದ ಹೊಳೆಗಳ ನೀರನ್ನು ನಮ್ಮ ಕಡೆಯ ಬರದ ಜಿಲ್ಲೆಗಳಿಗೆ ತರುವ ಯೋಜನೆ. ಅವರು ಬರೆದಿದ್ದರು: 'ನಿಮಗೆ ನೀರು ಬೇಡ ಅಂತ ನಾನು ಯಾವಾಗ ಹೇಳಿದೆ ಮಾಸ್ಟ್ರೇ? ಹೊಳೆಯೇ ಬತ್ತಿದರೆ ನಮಗೂ ಇಲ್ಲ, ನಿಮಗೂ ಇಲ್ಲ.' ನಾನು ಸಿಟ್ಟಿನಲ್ಲಿ ಬರೆದೆ: 'ಮಳೆ ಊರಲ್ಲಿ ಕೂತು ಬರದ ಊರಿಗೆ ಪಾಠ ಹೇಳಬೇಡಿ. ನಿಮ್ಮ ಜೊತೆ ಮಾತಾಡಿ ಪ್ರಯೋಜನ ಇಲ್ಲ.' ಎರಡು ನೀಲಿ ಗೆರೆ ಬಂತು. ಉತ್ತರ ಬರಲಿಲ್ಲ. ಮೂರು ವಾರದ ನಂತರ ಇನ್ನೊಬ್ಬರು ಗುಂಪಿನಲ್ಲಿ ಹಾಕಿದರು, ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು ಅಂತ. ಅವರಿಗೆ ಸಕ್ಕರೆ ಕಾಯಿಲೆ ಇತ್ತು.

ಈಗ ಎರಡು ತಿಂಗಳಾಯಿತು. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗುತ್ತದೆ. ಫೋನ್ ತೆಗೆದು ಅದೇ ಮೆಸೇಜ್ ಓದುತ್ತೇನೆ. 2018ರ ಚುನಾವಣೆ ಹೊತ್ತಲ್ಲೂ ಒಮ್ಮೆ ಹೀಗೇ ಆಗಿ ಎರಡು ತಿಂಗಳು ಮಾತು ಬಿಟ್ಟಿದ್ದೆವು. ಆಗ ಅವರೇ ಒಂದು ಬೆಳಿಗ್ಗೆ 'ಮಾಸ್ಟ್ರೇ, ಮಳೆ ಉಂಟಾ ನಿಮ್ಮಲ್ಲಿ?' ಅಂತ ಕೇಳಿದ್ದರು. 'ಮುಖ ನೋಡದೇ ಇರೋರಿಗೆ ಇಷ್ಟೊಂದಾ?' ಅನ್ನುತ್ತಾಳೆ ನನ್ನ ಹೆಂಡತಿ. ನನ್ನ ಮಾತೇ ಅವರ ಎದೆಗೆ ಬಿತ್ತಾ? ಅವರ ಮನೆಯವರಿಗೆ ಫೋನ್ ಮಾಡಿ ಕ್ಷಮೆ ಕೇಳಬೇಕಾ? ಅಡ್ಮಿನ್ ಅವರ ನಂಬರ್ ತೆಗೆಯೋಣ ಅಂತಿದ್ದಾರೆ. ನನ್ನನ್ನೇ ಶ್ರದ್ಧಾಂಜಲಿ ಬರೆಯಲು ಹೇಳಿದ್ದಾರೆ. ಏನು ಬರೆಯಲಿ?"

ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆ ಇವೆ. ಆದರೆ ಮೂರು ಗಂಟೆಗೆ ಎಬ್ಬಿಸುತ್ತಿರುವುದು ಒಂದೇ: ನಾನು ಕೊಂದೆನಾ? ಅದನ್ನೇ ಮೊದಲು ನೋಡೋಣ. ಅದು ಇತ್ಯರ್ಥವಾಗದೆ ಉಳಿದದ್ದು ತಲೆಗೆ ಹೋಗುವುದಿಲ್ಲ.

ಸಿಟ್ಟಿಗೂ ಹೃದಯಾಘಾತಕ್ಕೂ ನಂಟು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಇದೆ. ಜೋರಾಗಿ ಸಿಟ್ಟು ಬಂದ ಮೇಲಿನ ಸುಮಾರು ಎರಡು ಗಂಟೆ ಹೃದಯಾಘಾತದ ಅಪಾಯ ಹೆಚ್ಚಿರುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಆ ಹೊತ್ತಿನಲ್ಲಿ ರಕ್ತದೊತ್ತಡ ಏರುತ್ತದೆ, ನಾಡಿ ಏರುತ್ತದೆ, ರಕ್ತನಾಳ ಬಿಗಿಯುತ್ತದೆ. ಮೊದಲೇ ಕೊಬ್ಬು ಕಟ್ಟಿಕೊಂಡ ರಕ್ತನಾಳ ಆಗ ಕೈಕೊಡಬಹುದು. ಆದರೆ ಗಮನಿಸಿ, ಇದು ಗಂಟೆಗಳ ಲೆಕ್ಕ. ನಿಮ್ಮ ಮೆಸೇಜ್‌ಗೂ ಅವರ ಸಾವಿಗೂ ನಡುವೆ ಮೂರು ವಾರ ಇದೆ.

ಆ ರಕ್ತನಾಳಗಳಲ್ಲಿ ಕೊಬ್ಬು ಕಟ್ಟುವ ಕೆಲಸ ಇಪ್ಪತ್ತು, ಮೂವತ್ತು ವರ್ಷದಿಂದ ನಡೆದಿರುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಬೇಗ ಕಟ್ಟುತ್ತದೆ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಸಕ್ಕರೆ ಕಾಯಿಲೆಯವರಿಗೆ ಹೃದಯದ ತೊಂದರೆ ಶುರುವಾದಾಗ ಎದೆನೋವೇ ಬರದೇ ಇರಬಹುದು. ಬರೀ ಸುಸ್ತು, ಉಬ್ಬಸ, ಹೊಟ್ಟೆ ತೊಳಸಿದ ಹಾಗೆ, ಅಷ್ಟೇ. ಗ್ಯಾಸ್ ಇರಬೇಕು ಅಂತ ಮನೆಯವರು ಜೀರಿಗೆ ಕಷಾಯ ಕೊಡುತ್ತಾರೆ. ಆ ಮೂರು ವಾರದ ಮೌನವನ್ನು ನೀವು ಸಿಟ್ಟು ಅಂತ ಓದಿದ್ದೀರಿ. ಸಿಟ್ಟೇ ಇರಬಹುದು. ಬೇಸರ ಇರಬಹುದು. ಮೈಯಲ್ಲಿ ಹುಷಾರಿಲ್ಲದೇ ಇರಬಹುದು. ಮೊಮ್ಮಕ್ಕಳು ಬಂದು ಫೋನ್ ಹಿಡಿಯಲು ಪುರುಸೊತ್ತೇ ಇಲ್ಲದಿರಬಹುದು. ಎರಡು ನೀಲಿ ಗೆರೆ ಹೇಳುವುದು ಓದಿದರು ಅಂತ ಮಾತ್ರ. ಓದಿ ಏನಂದುಕೊಂಡರು ಅನ್ನುವುದನ್ನು ಅದು ಹೇಳುವುದಿಲ್ಲ.

ನಿಮ್ಮ ಮನಸ್ಸು ಇನ್ನೊಂದು ಆಟವನ್ನೂ ಆಡುತ್ತಿದೆ. ಆಗಿಹೋದದ್ದನ್ನು ಹಿಂತಿರುಗಿ ನೋಡುವಾಗ, ಅದು ಹೀಗೇ ಆಗುತ್ತದೆ ಎಂದು ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. ಬರುಕ್ ಫಿಷ್‌ಹಾಫ್ ಎಂಬ ಮನಶ್ಶಾಸ್ತ್ರಜ್ಞ 1975ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಮೆಸೇಜ್ ಕಳಿಸಿದ ರಾತ್ರಿ ನಿಮಗಿದ್ದ ಮಾಹಿತಿ ಏನು? ಎದುರಿಗೆ ಹನ್ನೊಂದು ವರ್ಷದಿಂದ ಹಾಗೇ ವಾದ ಮಾಡುತ್ತಿರುವ ಗಟ್ಟಿ ಆಸಾಮಿ ಇದ್ದಾರೆ, ನಾಳೆ ಮತ್ತೆ ಬರುತ್ತಾರೆ. ಆ ಮಾಹಿತಿಗೆ ತಕ್ಕ ಹಾಗೆ ಬರೆದಿರಿ. ಈಗಿನ ಮಾಹಿತಿ ಇಟ್ಟುಕೊಂಡು ಆಗಿನ ನಿಮ್ಮನ್ನು ಕಟಕಟೆಗೆ ಹತ್ತಿಸಿದರೆ ಅದು ನ್ಯಾಯ ಅಲ್ಲ.

ಹಾಗಂತ ಆ ಮಾತು ಸರಿಯಿತ್ತು ಅನ್ನುವುದಿಲ್ಲ. "ನಿಮ್ಮ ಜೊತೆ ಮಾತಾಡಿ ಪ್ರಯೋಜನ ಇಲ್ಲ" ಅನ್ನುವುದು ಒರಟು ಮಾತೇ. ಅವರಿಗೆ ನೋವಾಗಿರಲೂಬಹುದು. ಸಾವಿಗೆ ನೀವು ಕಾರಣ ಅಲ್ಲ. ನೋವಿಗೆ, ಬಹುಶಃ, ಸ್ವಲ್ಪ ಹೌದು. ಇವೆರಡನ್ನೂ ಬೇರೆ ಬೇರೆ ಇಡಿ. ಮೊದಲನೆಯದು ನಿಮ್ಮ ಮೇಲಿಲ್ಲದ ಆರೋಪ. ಎರಡನೆಯದು ದಿನಾ ವಾದ ಮಾಡುವ ಇಬ್ಬರ ನಡುವೆ ಎಷ್ಟೋ ಸಲ ಆಗಿ ಹೋಗುವಂಥದ್ದು. ಈ ಸಲ ತಿದ್ದಿಕೊಳ್ಳಲು ಟೈಮ್ ಸಿಗಲಿಲ್ಲ ಅಷ್ಟೇ. 2018ರಲ್ಲಿ ಎರಡು ತಿಂಗಳು ಸಿಕ್ಕಿತ್ತು. ಈಗ ಮೂರು ವಾರ ಸಾಲಲಿಲ್ಲ.

ಕೊನೆಯ ಮಾತೇ ಯಾಕೆ ಇಷ್ಟು ಕಾಡುತ್ತದೆ ಅನ್ನುವುದಕ್ಕೂ ಒಂದು ಕಾರಣ ಇದೆ. ಡೇನಿಯಲ್ ಕಾಹ್ನೆಮನ್ ಮತ್ತು ಅವರ ಜೊತೆಯವರು 1993ರಲ್ಲಿ ಒಂದು ವಿಚಿತ್ರ ಪ್ರಯೋಗ ಮಾಡಿದರು. ಒಂದು ಸಲ 60 ಸೆಕೆಂಡು ಕೊರೆಯುವ ನೀರಿನಲ್ಲಿ ಕೈ ಇಡಬೇಕು. ಇನ್ನೊಂದು ಸಲ ಅದೇ 60 ಸೆಕೆಂಡಿನ ಜೊತೆಗೆ ಮತ್ತೂ 30 ಸೆಕೆಂಡು, ಆಗ ನೀರು ಒಂದೇ ಒಂದು ಡಿಗ್ರಿ ಬೆಚ್ಚಗೆ. ಯಾವುದನ್ನು ಮತ್ತೆ ಮಾಡುತ್ತೀರಿ ಎಂದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ಒಟ್ಟು ನೋವು ಜಾಸ್ತಿ ಇದ್ದರೂ ಕೊನೆ ಸ್ವಲ್ಪ ಹಿತವಾಗಿತ್ತಲ್ಲ, ಅದಕ್ಕೆ. ಮನಸ್ಸು ಒಟ್ಟು ಮೊತ್ತ ಕೂಡುವುದಿಲ್ಲ. ಅತಿ ತೀವ್ರವಾದ ಕ್ಷಣವನ್ನೂ ಕೊನೆಯನ್ನೂ ಹಿಡಿದು ಎಲ್ಲದಕ್ಕೂ ಅದೇ ಬಣ್ಣ ಬಳಿಯುತ್ತದೆ. ಹನ್ನೊಂದು ವರ್ಷದ ಸ್ನೇಹಕ್ಕೆ ನಿಮ್ಮ ಮನಸ್ಸು ಕೊನೆಯ ಎರಡು ಸಾಲಿನ ಬಣ್ಣ ಬಳಿದಿದೆ.

ಅದಕ್ಕೇ ನಾನು ಮೊದಲು ಹೇಳುವ ಕೆಲಸ ಇದು. ರಾತ್ರಿ ಫೋನ್ ಬೇರೆ ಕೋಣೆಯಲ್ಲಿರಲಿ. ಮೂರು ಗಂಟೆಗೆ ಎದ್ದರೆ ನೀರು ಕುಡಿದು ಮತ್ತೆ ಮಲಗಿ, ಇಲ್ಲವಾದರೆ ದೀಪ ಹಾಕಿ ಏನಾದರೂ ಓದಿ. ಆ ಮೆಸೇಜ್ ಮಾತ್ರ ಬೇಡ. ಅವರ ಮಾತು ಓದಬೇಕು ಅನ್ನಿಸಿದರೆ ಹಗಲಲ್ಲಿ, ಕಾಫಿ ಕುಡಿದ ಮೇಲೆ, ಇಪ್ಪತ್ತು ನಿಮಿಷ. ಆದರೆ ಕೊನೆಯ ಪುಟದಿಂದ ಅಲ್ಲ. 2015ರ ಯಾವುದೋ ತಿಂಗಳಿನಿಂದ, 2019ರ ಯಾವುದೋ ತಿಂಗಳಿನಿಂದ. ಬೈದಾಡಿದ್ದನ್ನೂ ಓದಿ, ನಕ್ಕಿದ್ದನ್ನೂ ಓದಿ.

ಈಗ ನಿಮ್ಮ ಮನೆಯವರ ಪ್ರಶ್ನೆ. ಮುಖ ನೋಡದವರಿಗೆ ಇಷ್ಟೊಂದಾ?

ಅವರು ಕೇಳಿದ್ದು ಸಹಜವೇ. ನಮ್ಮಲ್ಲಿ ದುಃಖಕ್ಕೂ ಒಂದು ಸಾಲು ಇದೆ. ರಕ್ತ ಸಂಬಂಧಕ್ಕೆ ಸೂತಕ ಇದೆ, ಹನ್ನೊಂದು, ಹದಿಮೂರು ಅಂತ ದಿನಗಳಿವೆ, ವರ್ಷಾಂತಿಕ ಇದೆ, ಬಂದು ಮಾತಾಡಿಸುವ ನೆಂಟರಿದ್ದಾರೆ. ಗೆಳೆಯನಿಗೆ ಇದರಲ್ಲಿ ಯಾವುದೂ ಇಲ್ಲ. ಕಂಡೇ ಇಲ್ಲದ ಗೆಳೆಯನಿಗಂತೂ ಮನೆಯಲ್ಲಿ ಒಂದು ಹೊತ್ತು ಊಟ ಬಿಡಲೂ ಸಂಕೋಚ. ಕೆನೆತ್ ಡೋಕಾ ಎಂಬ ಅಮೆರಿಕದ ಪ್ರಾಧ್ಯಾಪಕ 1989ರಲ್ಲಿ ಇಂಥ ದುಃಖಗಳನ್ನು ಒಟ್ಟಿಗೆ ಸೇರಿಸಿ ಬರೆದರು. ಹೊರಗಿನವರು ಒಪ್ಪದ, ಹೇಳಿಕೊಳ್ಳಲು ಜಾಗವಿಲ್ಲದ ದುಃಖ. ನಮ್ಮ ಕ್ಲಿನಿಕ್‌ಗೆ ಬರುವವರಲ್ಲಿ ಇವರು ಬೇರೆಯೇ ಥರ ಕೂರುತ್ತಾರೆ. ಗಂಡನನ್ನು ಕಳೆದುಕೊಂಡವರು ಅಳುತ್ತಾರೆ. ಇವರು ಮೊದಲ ಅರ್ಧ ಗಂಟೆ ವಿವರಣೆ ಕೊಡುತ್ತಾರೆ, ತಮಗೆ ಯಾಕೆ ಅಳುವ ಹಕ್ಕಿದೆ ಅಂತ. ನಿಮ್ಮ ಪತ್ರದಲ್ಲೂ ಅದೇ ವಾಸನೆ ಇದೆ.

ಲೆಕ್ಕದ ಮಾತೇ ಬೇಕಿದ್ದರೆ ಒಂದು ಲೆಕ್ಕ ಹೇಳುತ್ತೇನೆ, ಮನೆಯಲ್ಲಿ ಹೇಳಲು ಅನುಕೂಲ. ಜೆಫ್ರಿ ಹಾಲ್ ಎಂಬವರು 2018ರಲ್ಲಿ, ಹೊಸ ಊರಿಗೆ ಹೋದವರನ್ನೂ ಹೊಸದಾಗಿ ಕಾಲೇಜು ಸೇರಿದವರನ್ನೂ ಗಮನಿಸಿ, ಒಬ್ಬ ಪರಿಚಯದವನು ಆಪ್ತ ಗೆಳೆಯನಾಗಲು ಸುಮಾರು 200 ಗಂಟೆಯ ಒಡನಾಟ ಬೇಕು ಎಂದು ಕಂಡುಕೊಂಡರು. ನೀವಿಬ್ಬರೂ ದಿನಕ್ಕೆ ಹದಿನೈದೇ ನಿಮಿಷ ಮಾತಾಡಿದಿರಿ ಅಂತ ಹಿಡಿದರೂ ಹನ್ನೊಂದು ವರ್ಷಕ್ಕೆ ಸಾವಿರ ಗಂಟೆ. ಎಷ್ಟು ಜನ ಅಣ್ಣತಮ್ಮಂದಿರು ಸಾವಿರ ಗಂಟೆ ಮಾತಾಡಿರುತ್ತಾರೆ, ಹೇಳಿ.

ಅದೂ ಎಂಥ ಮಾತು! "ಊಟ ಆಯ್ತಾ, ಹುಷಾರಾಗಿದೀರಾ" ಅಲ್ಲ. ನಿವೃತ್ತರಾದ ಮೇಲೆ ನಮ್ಮ ಜೊತೆ ಯಾರೂ ವಾದ ಮಾಡುವುದಿಲ್ಲ, ಇದನ್ನು ನೀವೂ ನೋಡಿರುತ್ತೀರಿ. ಮಕ್ಕಳು "ಸರಿ ಅಪ್ಪಾ" ಅನ್ನುತ್ತಾರೆ. ಹಳೇ ಶಿಷ್ಯರು ಕಾಲಿಗೆ ಬೀಳುತ್ತಾರೆ. ಹೆಂಡತಿಗೆ ಎಲ್ಲಾ ಮೊದಲೇ ಕೇಳಿ ಗೊತ್ತಿದೆ. ನಿಮ್ಮ ಮಾತನ್ನು ಪೂರ್ತಿ ಓದಿ, ತಪ್ಪು ಹುಡುಕಿ, ಅದಕ್ಕೆ ಉತ್ತರ ಬರೆಯಲು ಒಂದು ಗಂಟೆ ಖರ್ಚು ಮಾಡುವವರು ಒಬ್ಬರಿದ್ದರು. ಅಷ್ಟು ಗಮನ ಕೊಟ್ಟು ನಿಮ್ಮನ್ನು ಓದಿದವರು ಬೇರೆ ಯಾರು? ನೀವು ಕಳೆದುಕೊಂಡಿದ್ದು ಅವರನ್ನು. ಈಗ ಪೇಪರ್ ಓದುವಾಗ ಒಂದು ಸುದ್ದಿ ಕಣ್ಣಿಗೆ ಬೀಳುತ್ತದೆ, "ಇದಕ್ಕೆ ಬಂಟ್ವಾಳದವರು ಏನಂತಾರೆ ನೋಡೋಣ" ಅಂತ ಕೈ ಫೋನಿನ ಕಡೆ ಹೋಗುತ್ತದೆ. ಹೌದಾ? ಗಂಡ ಸತ್ತ ಮೇಲೂ ಎರಡು ಲೋಟ ಕಾಫಿ ಬೆರೆಸುವವರಿಗೆ ಆಗುವುದೂ ಇದೇ. ರೋಗ ಅಲ್ಲ.

ವಾದ ಮಾಡುವವರು ಒಳಗೊಳಗೆ ವೈರಿಗಳು ಅನ್ನುವುದೂ ಒಂದು ತಪ್ಪು ಕಲ್ಪನೆ. ಗಾಂಧೀಜಿ ಮತ್ತು ಟ್ಯಾಗೋರರನ್ನು ನೋಡಿ. ಅಸಹಕಾರದ ಮೇಲೆ, ಚರಕದ ಮೇಲೆ ವಾದ. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾಯಿತು. ಅದು ಅಸ್ಪೃಶ್ಯತೆಯ ಪಾಪಕ್ಕೆ ಶಿಕ್ಷೆ ಎಂದರು ಗಾಂಧೀಜಿ. ಟ್ಯಾಗೋರರು ಸಿಡಿದೆದ್ದರು. ಪ್ರಕೃತಿಯ ಘಟನೆಗೆ ಇಂಥ ಕಾರಣ ಕಟ್ಟುವುದು ವಿಚಾರಹೀನತೆ ಎಂದು ಖಂಡಿಸಿ ಬರೆದರು. ಗಾಂಧೀಜಿ ಆ ಖಂಡನೆಯನ್ನು ತಮ್ಮದೇ 'ಹರಿಜನ' ಪತ್ರಿಕೆಯಲ್ಲಿ ಅಚ್ಚು ಹಾಕಿ, ಜೊತೆಗೆ ತಮ್ಮ ಉತ್ತರ ಕೊಟ್ಟರು. ಇಬ್ಬರೂ ಮಣಿಯಲಿಲ್ಲ. ಆರು ವರ್ಷದ ನಂತರ, 1940ರಲ್ಲಿ, ಗಾಂಧೀಜಿ ಶಾಂತಿನಿಕೇತನಕ್ಕೆ ಬಂದು ಹೊರಡುವಾಗ ಟ್ಯಾಗೋರರು ಒಂದು ಪತ್ರ ಕೈಗಿಟ್ಟರು. ತಮ್ಮ ಬದುಕಿನ ಗಳಿಕೆಯಾದ ವಿಶ್ವಭಾರತಿಯನ್ನು ನೋಡಿಕೊಳ್ಳಿ ಅನ್ನುವುದು ಅದರ ಸಾರ. ಅಷ್ಟು ದೊಡ್ಡದನ್ನು ಅವರು ಒಪ್ಪಿಸಿದ್ದು ತಮ್ಮ ಜೊತೆ ಇಪ್ಪತ್ತು ವರ್ಷ ವಾದ ಮಾಡಿದವರಿಗೆ.

ಇನ್ನೊಂದು ಮಾತು. ದುಃಖಕ್ಕೆ ಐದು ಹಂತ ಇರುತ್ತದೆ, ನಾನು ಯಾವ ಹಂತದಲ್ಲಿದ್ದೇನೆ ಅಂತ ಎಲ್ಲರೂ ಕೇಳುತ್ತಾರೆ. ನೀವು ಕೇಳಿಲ್ಲ, ಆದರೆ ಯಾರಾದರೂ ಫಾರ್ವರ್ಡ್ ಮಾಡೇ ಮಾಡುತ್ತಾರೆ. ಆ ಐದು ಹಂತಗಳನ್ನು ಎಲಿಜಬೆತ್ ಕೂಬ್ಲರ್ ರಾಸ್ 1969ರಲ್ಲಿ ವಿವರಿಸಿದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಉಳಿದವರ ದುಃಖಕ್ಕೆ ಅದನ್ನು ಅನ್ವಯಿಸಿದ್ದು ಆಮೇಲೆ. ಮೆಟ್ಟಿಲು ಹತ್ತಿದ ಹಾಗೆ ಯಾರೂ ದುಃಖಿಸುವುದಿಲ್ಲ. ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಹೇಳಿದ್ದು ನಾನು ನೋಡುವುದಕ್ಕೆ ಹೆಚ್ಚು ಹತ್ತಿರ. ಮನುಷ್ಯ ಒಂದು ಹೊತ್ತು ದುಃಖದಲ್ಲಿ ಮುಳುಗುತ್ತಾನೆ, ಇನ್ನೊಂದು ಹೊತ್ತು ದಿನದ ಕೆಲಸಕ್ಕೆ ಏಳುತ್ತಾನೆ, ಮತ್ತೆ ಮುಳುಗುತ್ತಾನೆ. ಹಾಗಾಗಿ ಮೊನ್ನೆ ಮದುವೆ ಮನೆಯಲ್ಲಿ ನಗುನಗುತ್ತಾ ಹೋಳಿಗೆ ತಿಂದು ಬಂದು, ರಾತ್ರಿ ಅತ್ತರೆ, ಅದರಲ್ಲಿ ಯಾವುದೂ ನಾಟಕ ಅಲ್ಲ.

ಇನ್ನು ಅವರ ಮನೆಯವರ ವಿಷಯ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ.

ಸಂಪರ್ಕ ಮಾಡಿ. ಕ್ಷಮೆ ಕೇಳಬೇಡಿ.

ಅವರ ಹೆಂಡತಿಗೆ ಈ ಜಗಳ ಗೊತ್ತೇ ಇರುವುದಿಲ್ಲ ಅನ್ನುವುದು ನನ್ನ ಅಂದಾಜು. ಗಂಡ ಹೋಗಿ ಎರಡು ತಿಂಗಳು. ಈ ಹೊತ್ತಿನಲ್ಲಿ ಮನೆಯವರು ಕಾರಣ ಹುಡುಕುತ್ತಾ ಇರುತ್ತಾರೆ. ಆವತ್ತು ಬೆಳಿಗ್ಗೆ ಸುಸ್ತು ಅಂದಿದ್ದರು, ನಾನೇ ಗಮನ ಕೊಡಲಿಲ್ಲವಾ? ಮಾತ್ರೆ ತಪ್ಪಿತಾ? ಆಸ್ಪತ್ರೆಗೆ ಬೇಗ ಹೋಗಬೇಕಿತ್ತಾ? ಅಂಥವರಿಗೆ ನೀವು ಫೋನ್ ಮಾಡಿ "ಅಮ್ಮಾ, ನಾನು ಅವರಿಗೆ ಹೀಗೆ ಅಂದುಬಿಟ್ಟೆ" ಎಂದರೆ ಏನಾಗುತ್ತದೆ? ಒಂದೋ ಅವರು ನಿಮಗೆ ಸಮಾಧಾನ ಹೇಳಬೇಕು, ಅಂದರೆ ಗಂಡನನ್ನು ಕಳೆದುಕೊಂಡವರು ನಿಮ್ಮನ್ನು ಸಂತೈಸಬೇಕು. ಇಲ್ಲವಾದರೆ ಅವರ ಪಟ್ಟಿಗೆ ಇನ್ನೊಂದು ಕಾರಣ ಸೇರುತ್ತದೆ: ಯಾರದೋ ಮಾತಿಗೆ ಇವರು ನೊಂದುಕೊಂಡಿದ್ದರಂತೆ. ಎರಡೂ ಬೇಡ. ನಿಮ್ಮ ಎದೆ ಹಗುರ ಮಾಡಿಕೊಳ್ಳುವ ಜಾಗ ಅದಲ್ಲ.

ಆದರೆ ಅವರ ಹತ್ತಿರ ಇಲ್ಲದ ಒಂದು ವಸ್ತು ನಿಮ್ಮ ಹತ್ತಿರ ಇದೆ. ಹನ್ನೊಂದು ವರ್ಷ ಅವರ ಗಂಡ ಸಂಜೆ ಹೊತ್ತು ಫೋನ್ ಹಿಡಿದು ಏನು ಮಾಡುತ್ತಿದ್ದರು ಅನ್ನುವುದು ಅವರಿಗೆ ಪೂರ್ತಿ ಗೊತ್ತಿಲ್ಲ. "ಇಡೀ ದಿನ ಅದರಲ್ಲೇ ಇರ್ತೀರಿ" ಅಂತ ಬೈದಿರಲೂಬಹುದು. ನಾರ್ವೆಯಲ್ಲಿ ಮ್ಯಾಟ್ಸ್ ಸ್ಟೀನ್ ಎಂಬ ಯುವಕನಿದ್ದ. ಸ್ನಾಯು ಕ್ಷೀಣಿಸುವ ಕಾಯಿಲೆ, ಗಾಲಿಕುರ್ಚಿಯ ಬದುಕು, ದಿನದ ಬಹುಪಾಲು ಕಂಪ್ಯೂಟರ್ ಆಟ. 2014ರಲ್ಲಿ 25ನೇ ವಯಸ್ಸಿಗೆ ತೀರಿಕೊಂಡ. ಮಗ ಒಂಟಿಯಾಗಿ ಬದುಕಿ ಹೋದ ಅಂತ ಅಪ್ಪ ಅಮ್ಮ ಕೊರಗಿದ್ದರು. ಸಾವಿನ ಸುದ್ದಿಯನ್ನು ಅವನ ಆಟದ ಜೊತೆಗಾರರಿಗೆ ತಿಳಿಸಿದರು. ಬೇರೆ ಬೇರೆ ದೇಶಗಳಿಂದ ಪತ್ರಗಳು ಬರತೊಡಗಿದವು. ನಿಮ್ಮ ಮಗ ನನ್ನ ಕಷ್ಟದಲ್ಲಿ ಜೊತೆಗಿದ್ದ, ಹೀಗೆ ಹೇಳಿದ್ದ, ಹೀಗೆ ನಗಿಸಿದ್ದ ಅಂತ. ಕೆಲವರು ಅಂತ್ಯಕ್ರಿಯೆಗೂ ಬಂದರು. ಮಗನಿಗೆ ಎಷ್ಟು ಜನ ಗೆಳೆಯರಿದ್ದರು ಅನ್ನುವುದು ಅಪ್ಪ ಅಮ್ಮನಿಗೆ ಗೊತ್ತಾದದ್ದು ಆವಾಗ. ಆ ಪತ್ರಗಳನ್ನು ಬರೆದವರಲ್ಲೂ ಯಾರೋ ಮೊದಲು ಅಂದುಕೊಂಡಿರಬೇಕು ಅಲ್ವಾ, ನಾವು ಯಾರು ಬರೆಯೋಕೆ ಅಂತ?

ಹಾಗಾಗಿ ಪತ್ರ ಬರೆಯಿರಿ. ಫೋನ್ ಬೇಡ. ಫೋನ್ ಬಂದರೆ ಅವರು ಆ ಕ್ಷಣದಲ್ಲೇ ಏನಾದರೂ ಹೇಳಬೇಕಾಗುತ್ತದೆ. ಪತ್ರವಾದರೆ ಬೇಕಾದಾಗ ಓದುತ್ತಾರೆ. ಸಾವಿನ ಸುದ್ದಿ ಹಾಕಿದವರ ಹತ್ತಿರ ವಿಳಾಸ ಇರುತ್ತದೆ. ಕಳಿಸಬಹುದಾ ಅಂತ ಮನೆಯವರನ್ನು ಕೇಳಲು ಅವರಿಗೇ ಹೇಳಿ. ಕೈಬರಹದಲ್ಲಿ ಒಂದು ಪುಟ ಸಾಕು. ನೀವು ಯಾರು, ಅವರ ಪರಿಚಯ ಹೇಗೆ ಅಂತ ಎರಡು ಸಾಲು. ಆಮೇಲೆ ಒಂದೇ ಒಂದು ಘಟನೆ, ವಿವರವಾಗಿ. "ಒಳ್ಳೆಯವರು, ಜ್ಞಾನಿಗಳು" ಅಂತ ಎಲ್ಲರೂ ಬರೆಯುತ್ತಾರೆ, ಅದರಿಂದ ಏನೂ ಸಿಗುವುದಿಲ್ಲ. ಮಳೆ ಉಂಟಾ ಅಂತ ಕೇಳಿ ಎರಡು ತಿಂಗಳ ಮುನಿಸನ್ನು ಮುರಿದ ಆ ಬೆಳಿಗ್ಗೆಯನ್ನು ಬರೆಯಿರಿ. ಅದರಲ್ಲಿ ಜಗಳವೂ ಬರುತ್ತದೆ, ಅವರ ದೊಡ್ಡತನವೂ ಬರುತ್ತದೆ, ಮತ್ತೆ ಅದು ಸತ್ಯ. ಅವರು ಬರೆದ ಒಂದೆರಡು ಒಳ್ಳೆಯ ಬರಹವನ್ನು ಪ್ರಿಂಟ್ ತೆಗೆಸಿ ಜೊತೆಗಿಡಿ. ಮನೆಯ ವಿಷಯ, ಹೆಂಡತಿ ಮಕ್ಕಳ ಬಗ್ಗೆ ತಮಾಷೆ, ಯಾರಿಗೂ ಹೇಳದೆ ನಿಮಗೆ ಹೇಳಿಕೊಂಡದ್ದು, ಇಂಥದ್ದು ಅದರಲ್ಲಿ ಇರದ ಹಾಗೆ ನೋಡಿಕೊಳ್ಳಿ. ಕೊನೆಗೆ, ಉತ್ತರ ಬರೆಯಬೇಕಾಗಿಲ್ಲ ಅಂತ ಒಂದು ಸಾಲು.

ಇದರಲ್ಲೂ ಅಪಾಯ ಇದೆ. ಉತ್ತರ ಬರದೇ ಇರಬಹುದು, ಹೆಚ್ಚಾಗಿ ಬರುವುದಿಲ್ಲ. ಮಗನೋ ಮಗಳೋ "ಯಾರು ನೀವು?" ಅಂತ ಬಿರುಸಾಗಿ ಕೇಳಬಹುದು. ಉತ್ತರಕ್ಕಾಗಿ ಕಾಯುತ್ತಾ ಕೂರುವ ಸ್ಥಿತಿಯಲ್ಲಿ ನೀವಿದ್ದರೆ ಇನ್ನೊಂದು ತಿಂಗಳು ಬಿಟ್ಟು ಕಳಿಸಿ. ಹೇಳದೆ ಕೇಳದೆ ಬಂಟ್ವಾಳದ ಬಸ್ ಹತ್ತುವುದು ಮಾತ್ರ ಬೇಡವೇ ಬೇಡ.

ಹಾಗಾದರೆ ಕ್ಷಮೆ? ಅದು ಅವರಿಗೆ ಸಲ್ಲಬೇಕಾದದ್ದು, ಅವರಿಗೇ ಬರೆಯಿರಿ. ಕಳಿಸದ ಪತ್ರ. ಇದು ನಾವು ಮಾಡಿಸುವ ಹಳೆಯ ಕ್ರಮ, ಇದರಲ್ಲಿ ಪವಾಡ ಏನೂ ಇಲ್ಲ. ಆದರೆ ನಿಮ್ಮ ವಿಷಯದಲ್ಲಿ ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೇನೆ. ಮರುದಿನ ಅವರ ಉತ್ತರವನ್ನೂ ನೀವೇ ಬರೆಯಿರಿ. ಹನ್ನೊಂದು ವರ್ಷ ಓದಿದ್ದೀರಿ, ಅವರು ಎಲ್ಲಿ ಕೊಂಕು ಹಾಕುತ್ತಾರೆ, ಎಲ್ಲಿ "ಮಾರಾಯ್ರೆ" ಅನ್ನುತ್ತಾರೆ, ಎಲ್ಲಾ ಗೊತ್ತು. ಸುಮ್ನೆ "ಪರವಾಗಿಲ್ಲ ಬಿಡಿ" ಅಂತ ಬರೆಸಬೇಡಿ. ಅವರು ಹಾಗೆ ಬಿಡುವವರಲ್ಲ. ಮೊದಲು ನಿಮ್ಮನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳಲಿ. ಸತ್ತವರನ್ನು ಮರೆತು ಮುಂದೆ ಹೋಗಬೇಕು ಅನ್ನುವ ಕಾಲ ಒಂದಿತ್ತು. ಈಚಿನ ದಶಕಗಳಲ್ಲಿ ನಮ್ಮ ಕ್ಷೇತ್ರದಲ್ಲಿ ಆ ಮಾತು ಬದಲಾಗಿದೆ. ನಂಟು ಮುಗಿಯಬೇಕಿಲ್ಲ, ಬೇರೆ ರೂಪದಲ್ಲಿ ಉಳಿಯಬಹುದು.

ಈಗೀಗ ಹಳೆಯ ಮೆಸೇಜ್‌ಗಳನ್ನೆಲ್ಲ ಎಐಗೆ ತುಂಬಿ, ಹೋದವರ ಹಾಗೆ ಮಾತಾಡಿಸುವುದು ಬಂದಿದೆ. ಗುಂಪಿನಲ್ಲಿ ಯಾರಾದರೂ ಹುಮ್ಮಸ್ಸಿನಿಂದ ಮಾಡಿಕೊಡುತ್ತೇನೆ ಅನ್ನಬಹುದು. ಸದ್ಯಕ್ಕೆ ಬೇಡ. ಅದು ನಿಮ್ಮ ಮಾತಿಗೆ ತಲೆಯಾಡಿಸುವ ಸಾಧ್ಯತೆಯೇ ಹೆಚ್ಚು, ಬಂಟ್ವಾಳದವರು ಆಡಿಸುತ್ತಿರಲಿಲ್ಲ.

ಇದಕ್ಕೇ ಹತ್ತಿರದ ಇನ್ನೊಂದು ಬಲೆ ಇದೆ. ದುಃಖದಲ್ಲಿ ಕೆಲವರು ಹೋದವರ ಅಭಿಪ್ರಾಯಕ್ಕೆ ತಾವೇ ಮತಾಂತರವಾಗುತ್ತಾರೆ, ಪ್ರಾಯಶ್ಚಿತ್ತದ ಹಾಗೆ. ನೀವು ಈಗ ಎತ್ತಿನಹೊಳೆ ವಿರೋಧಿಯಾಗಬೇಕಿಲ್ಲ. ಆ ಯೋಜನೆಯ ನೀರಿಗೆ ಕಾದಿರುವ ನಿಮ್ಮ ಜಿಲ್ಲೆಯ ಬಾಯಾರಿಕೆಯೂ ನಿಜ. ಸಾವಿರ ಅಡಿ ಕೊರೆದರೂ ಫ್ಲೋರೈಡ್ ನೀರು ಬರುವ ಊರಿನವರ ಸಿಟ್ಟೂ ನಿಜ. ನೇತ್ರಾವತಿಯ ದಂಡೆಯಲ್ಲಿ ಹುಟ್ಟಿದವರ ಭಯವೂ ನಿಜ. ಅವರ ವಾದದಲ್ಲಿ ಯಾವ ಅಂಶಕ್ಕೆ ನಿಮ್ಮ ಹತ್ತಿರ ಉತ್ತರ ಇರಲಿಲ್ಲವೋ ಅದನ್ನು ಒಂದು ಹಾಳೆಯಲ್ಲಿ ಬರೆದಿಡಿ. ನೀರು ಹಂಚಿಕೆ ಬಗ್ಗೆ ಮುಂದೆ ಯಾರ ಜೊತೆ ಮಾತಾಡುವಾಗಲೂ ಅದು ನಿಮ್ಮ ಕೈಯಲ್ಲಿರಲಿ.

ಅಡ್ಮಿನ್ ವಿಷಯಕ್ಕೆ ಬರೋಣ. ನಂಬರ್ ತೆಗೆಯಬೇಕಾ ಬೇಡವಾ ಅನ್ನುವುದನ್ನು ತುಂಬಾ ದಿನ ಮುಂದೂಡಲು ಆಗುವುದಿಲ್ಲ. ಬಳಸದೆ ಬಿಟ್ಟ ವಾಟ್ಸಾಪ್ ಖಾತೆ ಸಾಮಾನ್ಯವಾಗಿ 120 ದಿನಕ್ಕೆ ಅಳಿಸಿಹೋಗುತ್ತದೆ. ಆಗ ಗುಂಪಿನಿಂದ ಆ ನಂಬರ್ ತಾನಾಗಿಯೇ ಹೊರಗೆ ಹೋಗುತ್ತದೆ. ಪರದೆಯ ಮೇಲೆ ಅವರೇ ಎದ್ದು ಹೋದ ಹಾಗೆ ಕಾಣುತ್ತದೆ. 2019ರ ಆಗಸ್ಟ್‌ನಲ್ಲಿ ಕಾಶ್ಮೀರದಲ್ಲಿ ಇಂಟರ್ನೆಟ್ ನಿಲ್ಲಿಸಿದ್ದರಲ್ಲ, ಡಿಸೆಂಬರ್ ಹೊತ್ತಿಗೆ ಅಲ್ಲಿನವರ ನಂಬರ್‌ಗಳು ಸಾಲುಸಾಲಾಗಿ ಗುಂಪುಗಳಿಂದ ಹೊರಗೆ ಹೋಗತೊಡಗಿದವು. ಹೊರಗಿದ್ದ ನೆಂಟರು ಗಾಬರಿಯಾದರು. ಕಾರಣ ಇದೇ 120 ದಿನ. ಇನ್ನೆರಡು ತಿಂಗಳಲ್ಲಿ ಒಂದು ದಿನ ನಿಮ್ಮ ಗೆಳೆಯರ ಹೆಸರಿನ ಕೆಳಗೂ ಅದು ಕಾಣಬಹುದು. ಗೊತ್ತಿಲ್ಲದೆ ನೋಡಿದರೆ ಎದೆ ಧಸಕ್ ಅನ್ನುತ್ತದೆ, ಅದಕ್ಕೇ ಈಗಲೇ ಹೇಳುತ್ತಿದ್ದೇನೆ. ಮನೆಯವರು ಆ ಫೋನ್ ಬಳಸುತ್ತಿದ್ದರೆ ಬೇರೆ ಮಾತು. ಆಗ ಗುಂಪಿನಲ್ಲಿ ಅವರ ಬಗ್ಗೆ ಬರೆದದ್ದನ್ನೆಲ್ಲ ಹೆಂಡತಿ ಮಕ್ಕಳು ಓದುತ್ತಿರಬಹುದು ಅನ್ನುವುದು ನೆನಪಿರಲಿ.

ನಿಲ್ಲಿಸಿದ ಸಿಮ್ ನಂಬರನ್ನು ಕಂಪನಿಯವರು ಕನಿಷ್ಠ 90 ದಿನ ಯಾರಿಗೂ ಕೊಡುವಂತಿಲ್ಲ. ಆಮೇಲೆ ಕೊಡಬಹುದು. ಅವರ ನಂಬರ್‌ನಲ್ಲಿ ಮುಂದೊಂದು ದಿನ ಅಪರಿಚಿತರ ಫೋಟೋ ಕಂಡರೆ, ಅಥವಾ ಹಣ ಕೇಳಿ ಮೆಸೇಜ್ ಬಂದರೆ, ಅವರ ಮನೆಯವರು ಅಂದುಕೊಂಡು ಯಾರೂ ದುಡ್ಡು ಹಾಕದಿರಲಿ. ಹಾಗಾಗಿ ಮನೆಯವರನ್ನು ಕೇಳಿ, ಗುಂಪಿನಲ್ಲಿ ಎರಡು ಮಾತು ಹೇಳಿ, ಅಡ್ಮಿನ್ ತಾವೇ ಮರ್ಯಾದೆಯಿಂದ ನಂಬರ್ ತೆಗೆಯುವುದು ನನಗೆ ಸರಿ ಕಾಣುತ್ತದೆ.

ನಂಬರ್ ಹೋದರೂ ಅವರು ಬರೆದದ್ದು ನಿಮ್ಮ ಫೋನಿನಲ್ಲಿ ಉಳಿಯುತ್ತದೆ, ಹೆದರಬೇಡಿ. ಆದರೆ ನಿಮ್ಮ ಫೋನೇ ಕೆಟ್ಟರೆ? ಇವತ್ತೇ ಗುಂಪಿನ ಚಾಟ್ ತೆಗೆದು, ಮೆನುವಿನಲ್ಲಿ 'ಎಕ್ಸ್‌ಪೋರ್ಟ್ ಚಾಟ್' ಒತ್ತಿ, ಫೋಟೋ ಬಿಟ್ಟು ಬರೀ ಅಕ್ಷರವನ್ನು ನಿಮ್ಮ ಇಮೇಲ್‌ಗೆ ಕಳಿಸಿಕೊಳ್ಳಿ. ಹಳೆಯದೆಲ್ಲ ಬರದಿದ್ದರೆ ಬ್ಯಾಕಪ್ ಇಟ್ಟ ಬೇರೆ ಸದಸ್ಯರನ್ನು ಕೇಳಿ. ಗುಂಪಿನಲ್ಲಿ 'ಡಿಸಪಿಯರಿಂಗ್ ಮೆಸೇಜ್', ಅಂದರೆ ಮೆಸೇಜ್ ತಾನಾಗಿಯೇ ಅಳಿಸಿಹೋಗುವ ವ್ಯವಸ್ಥೆ, ಆನ್ ಆಗಿದೆಯಾ ಅನ್ನುವುದನ್ನೂ ಈಗಲೇ ನೋಡಿ.

ವೈದ್ಯರ ಹತ್ತಿರ ಯಾವಾಗ ಹೋಗಬೇಕು? ಎರಡು ತಿಂಗಳಿಗೆ ನಿಮಗಾಗುತ್ತಿರುವುದು ಕಾಯಿಲೆ ಅಲ್ಲ. ದೀರ್ಘಕಾಲದ ದುಃಖವನ್ನು ಕಾಯಿಲೆ ಎಂದು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಕನಿಷ್ಠ ಆರು ತಿಂಗಳು ಕಾಯುತ್ತದೆ, ಅಮೆರಿಕದ ಮನೋವೈದ್ಯರ ಪಟ್ಟಿ ದೊಡ್ಡವರಿಗೆ ಒಂದು ವರ್ಷ. ಆದರೆ ಊಟ ಬಿಟ್ಟಿದ್ದರೆ, ನಿದ್ದೆ ಪೂರ್ತಿ ಹೋಗಿದ್ದರೆ, ಕುಡಿತ ಹೆಚ್ಚಾದರೆ, ಬದುಕೇ ಬೇಡ ಅನ್ನಿಸಿದರೆ ದಿನ ಎಣಿಸುತ್ತಾ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇದಲ್ಲದೆ ಈ ವಾರವೇ ನಿಮ್ಮ ಬಿಪಿ, ಸಕ್ಕರೆ ನೋಡಿಸಿ. 64 ವರ್ಷ, ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ.

ಶ್ರದ್ಧಾಂಜಲಿಗೆ ನಿಮ್ಮನ್ನೇ ಆರಿಸಿದ್ದಾರಲ್ಲ, ಗುಂಪಿನವರಿಗೆ ವಿಷಯ ಗೊತ್ತಿದೆ. ವಾದವನ್ನು ಬಚ್ಚಿಡಬೇಡಿ. ಹವ್ಯಾಸಕ್ಕಾಗಿ ರೇಡಿಯೋದಲ್ಲಿ ದೂರದವರ ಜೊತೆ ಮಾತಾಡುವ ಹ್ಯಾಮ್ ರೇಡಿಯೋದವರಲ್ಲಿ ಒಂದು ಪದ್ಧತಿ ಇದೆ. ಜೊತೆಯವರೊಬ್ಬರು ತೀರಿಕೊಂಡರೆ ಅವರನ್ನು 'ಸೈಲೆಂಟ್ ಕೀ', ಅಂದರೆ ಮೌನವಾದ ಕೀ, ಎನ್ನುತ್ತಾರೆ. ದಶಕಗಟ್ಟಲೆ ಮಾತಾಡಿಯೂ ಮುಖ ನೋಡದ ಜನ ಅವರು, ತಮಗೆ ಬೇಕಾದ ಕ್ರಮವನ್ನು ತಾವೇ ಮಾಡಿಕೊಂಡಿದ್ದಾರೆ. ನೀವೂ ಮಾಡಿಕೊಳ್ಳಿ. ಅವರು ಗೆದ್ದ ಎರಡು ವಾದ, ನೀವು ಗೆದ್ದ ಒಂದು ವಾದ, ಇಬ್ಬರೂ ಬಿಟ್ಟುಕೊಡದ ಎತ್ತಿನಹೊಳೆ, ಎಲ್ಲವನ್ನೂ ಬರೆಯಿರಿ. ಕೊನೆಯ ಮೆಸೇಜ್ ವಿಷಯ ಅಲ್ಲಿ ಬೇಡ, ಅದು ಕಳಿಸದ ಪತ್ರದಲ್ಲಿರಲಿ. ಹಾಕುವ ಮೊದಲು ಒಂದು ಸಲ ನಿಮ್ಮ ಮನೆಯವರಿಗೆ ಓದಿ ಹೇಳಿ, ಅವರ ಪ್ರಶ್ನೆಗೂ ಅದರಲ್ಲೇ ಉತ್ತರ ಇರುತ್ತದೆ. ಅವರ ಫೋಟೋ ಹಾಕುವುದಾದರೆ ಬಂಟ್ವಾಳದ ಮನೆಯವರನ್ನು ಕೇಳಿಯೇ ಹಾಕಿ.